ಕೋವಿಡ್ ಪರಿಹಾರ ನಿಮ್ಮ ಮನೆಗೆ, ನಿಮ್ಮ ಅಂಗಡಿಗೆ ಹೇಗೆ ತಲುಪಿತು? ಯಾರ ಹೆಸರು ಯಾವ ಪಟ್ಟಿಯಲ್ಲಿತ್ತು?

ಜೆರಾಕ್ಸ್ ಅಂಗಡಿ, ಅರಸೀಕೆರೆ

ಎಲ್ಲರಿಗೂ ನಮಸ್ಕಾರ. ನಾನು ಅರಸೀಕೆರೆ ಪಟ್ಟಣದಲ್ಲಿ ಜೆರಾಕ್ಸ್ ಮಾಡುವ ಮತ್ತು ಆನ್‌ಲೈನ್ ಅರ್ಜಿ ತುಂಬಿಕೊಡುವ ಒಂದು ಸಣ್ಣ ಅಂಗಡಿ ನಡೆಸುತ್ತಿದ್ದೇನೆ. 2020ರ ಮೇ 6ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು 1,610 ಕೋಟಿ ರೂಪಾಯಿಯ ಪರಿಹಾರ ಪ್ಯಾಕೇಜ್ ಘೋಷಿಸಿದಾಗಿನಿಂದ ಎರಡನೇ ಅಲೆಯ ಪರಿಹಾರ ಮುಗಿಯುವವರೆಗೆ ನಮ್ಮ ಸುತ್ತಮುತ್ತಲಿನ ಕ್ಷೌರಿಕರು, ಮಡಿವಾಳರು, ಆಟೋ ಚಾಲಕರು, ಹಮಾಲರು ಮತ್ತು ದರ್ಜಿಗಳ ಅರ್ಜಿಗಳನ್ನು ರಾಜ್ಯ ಸರ್ಕಾರದ ಆನ್‌ಲೈನ್ ಅರ್ಜಿ ತಾಣವಾದ ಸೇವಾ ಸಿಂಧುವಿನಲ್ಲಿ ತುಂಬುವುದೇ ನನ್ನ ಕೆಲಸವಾಗಿತ್ತು. ಆಗ ಬರೆದಿಟ್ಟ ಅರ್ಜಿ ಸಂಖ್ಯೆಗಳ ನೋಟ್‌ಬುಕ್ ಇಂದಿಗೂ ನನ್ನ ಬಳಿ ಇದೆ. ಮೊನ್ನೆ ಅದನ್ನು ತಿರುವಿ ಹಾಕುತ್ತಿದ್ದಾಗ ಈ ವಿಷಯವನ್ನು ಎಲ್ಲರ ಮುಂದೆ ಇಡಬೇಕೆನ್ನಿಸಿತು.

ನನ್ನ ಮಾತು ಇಷ್ಟೇ. ಪರಿಹಾರದ ಮೊತ್ತ ಕಡಿಮೆಯಾಯಿತು ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಮೊತ್ತಕ್ಕಿಂತ ಮೊದಲು ಬರುವ ಪ್ರಶ್ನೆ ಪಟ್ಟಿಯದು. ಕಷ್ಟ ಬರುವ ಮೊದಲೇ ಸರ್ಕಾರದ ಯಾವುದಾದರೂ ಪುಸ್ತಕದಲ್ಲಿ ಹೆಸರು, ಆಧಾರ್ ಮತ್ತು ಬ್ಯಾಂಕ್ ಖಾತೆ ಮೂರೂ ಸರಿಯಾಗಿ ಕೂತಿದ್ದವರಿಗೆ ಹಣ ತಾನಾಗಿಯೇ ಬಂತು. ಉಳಿದವರು ತಾವು ಇಪ್ಪತ್ತು ವರ್ಷದಿಂದ ಮಾಡಿಕೊಂಡು ಬಂದ ಕಸುಬು ತಮ್ಮದೇ ಎಂದು, ಬಸ್ಸು ಓಡಾಡದ, ಕಚೇರಿಗಳು ಅರ್ಧ ತೆರೆದಿದ್ದ ದಿನಗಳಲ್ಲಿ ರುಜುವಾತು ಮಾಡಬೇಕಾಯಿತು.

ಒಂದು ಉದಾಹರಣೆ ಕೊಡುತ್ತೇನೆ. ಹತ್ತಿರದ ಹಳ್ಳಿಯ ಒಬ್ಬ ಕ್ಷೌರಿಕರು, ವಯಸ್ಸು ಐವತ್ತೈದರ ಮೇಲಿರಬಹುದು, ಹನ್ನೆರಡು ಕಿಲೋಮೀಟರ್ ಸೈಕಲ್ ತುಳಿದುಕೊಂಡು ಬಂದಿದ್ದರು. ಕಸುಬಿನ ದೃಢೀಕರಣ ಪತ್ರ ಬೇಕು ಎಂದು ನಾನು ಹೇಳಿದಾಗ ಅವರು ಮಾತಾಡದೆ ಬಟ್ಟೆಯ ಚೀಲ ಬಿಚ್ಚಿ ಕತ್ತರಿ, ಬಾಚಣಿಗೆ, ಕೈಯಲ್ಲಿ ಒತ್ತುವ ಹಳೆಯ ಮಿಷನ್ ಮತ್ತು ಕತ್ತಿ ಮಸೆಯುವ ಚರ್ಮದ ಪಟ್ಟಿ ಇಷ್ಟನ್ನೂ ನನ್ನ ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟರು. ಆ ಪಟ್ಟಿಯ ನಡುಭಾಗ ಸವೆದು ತೆಳ್ಳಗಾಗಿತ್ತು. ಅದಕ್ಕಿಂತ ದೊಡ್ಡ ರುಜುವಾತು ಇನ್ನಾವುದಿತ್ತು? ಆದರೆ ಕಂಪ್ಯೂಟರಿಗೆ ಬೇಕಾಗಿದ್ದದ್ದು ಸಹಿ, ಮೊಹರು ಇರುವ ಒಂದು ಹಾಳೆ. ಅದನ್ನು ತರಲು ಅವರು ಇನ್ನೂ ಎರಡು ಸಲ ಬಂದರು. ಕೊನೆಗೆ ಅರ್ಜಿ ಹೋದರೂ ಹಣ ಬರಲಿಲ್ಲ. ಆಧಾರಿನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಪಾಸ್‌ಬುಕ್ಕಿನಲ್ಲಿ ಹೆಸರಿನ ಮುಂದೆ. ಅಷ್ಟೇ ತೊಡಕು.

ನಿಮಗೆ ಪರಿಹಾರ ಬಂದಿದ್ದರೆ ಯಾವ ಪಟ್ಟಿಯ ಮೂಲಕ ಬಂತು, ಬಾರದಿದ್ದರೆ ಎಲ್ಲಿ ನಿಂತಿತು ಎಂಬುದನ್ನು ದಯವಿಟ್ಟು ಬರೆಯಿರಿ. ಪಕ್ಷಗಳ ವಿಚಾರ ಬೇಡ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.


ಸಲೂನ್ ನಡೆಸುವವರು, ದಾವಣಗೆರೆ

ಅಣ್ಣ, ನೀವು ಬರೆದದ್ದು ನಮ್ಮ ಮನೆಯ ಕಥೆಯಂತೆಯೇ ಇದೆ. ನನಗೆ 2020ರಲ್ಲಿ 5,000 ರೂಪಾಯಿ ಬಂತು, 2021ರಲ್ಲಿ 2,000 ಬಂತು. ಬಂದದ್ದನ್ನು ಬರಲಿಲ್ಲ ಎನ್ನಬಾರದು. ಆ 5,000 ನನಗೆ ಸಿಕ್ಕಿದ್ದು ನಮ್ಮ ಸವಿತಾ ಸಮಾಜದ ಸಂಘದ ಹಿರಿಯರು ಎಲ್ಲರ ಕಾಗದಪತ್ರ ಒಟ್ಟು ಮಾಡಿಸಿ, ಸಹಿ ಹಾಕಿಸಿ, ಒಂದೇ ದಿನ ಅರ್ಜಿ ಹಾಕಿಸಿದ್ದರಿಂದ. ಸಂಘಕ್ಕೆ ಸೇರದೆ ಒಬ್ಬರೇ ಕೆಲಸ ಮಾಡುತ್ತಿದ್ದ ನನ್ನ ಷಡ್ಡಕರಿಗೆ ಏನೂ ಬರಲಿಲ್ಲ.

ಆದರೆ ಇನ್ನೊಂದು ಮಾತನ್ನೂ ಸೇರಿಸಬೇಕು. ಎರಡನೇ ಅಲೆಯಲ್ಲಿ ನಮ್ಮ ಅಂಗಡಿ ಏಪ್ರಿಲ್ ಕೊನೆಯಲ್ಲಿ ಮುಚ್ಚಿದ್ದು ಜೂನ್ ಅರ್ಧ ಕಳೆದ ಮೇಲೂ ಸರಿಯಾಗಿ ತೆರೆಯಲಾಗಲಿಲ್ಲ. ಅಂಗಡಿ ಬಾಡಿಗೆ ತಿಂಗಳಿಗೆ 6,500. ಮಾಲೀಕರು ಒಳ್ಳೆಯವರೇ, ಒಂದು ತಿಂಗಳದ್ದು ಬಿಟ್ಟರು, ಆದರೆ ಅವರಿಗೂ ಆ ಬಾಡಿಗೆಯೇ ಆದಾಯ. ಹಾಗಾಗಿ ನನ್ನ ಖಾತೆಗೆ ಬಿದ್ದ 2,000 ರೂಪಾಯಿ ನನ್ನ ಮನೆಗೆ ಬರಲೇ ಇಲ್ಲ, ನೇರವಾಗಿ ಬಾಡಿಗೆಗೆ ಹೋಯಿತು. ಕುಟುಂಬಕ್ಕೆ ಕೊಟ್ಟ ನೆರವನ್ನು ಅಂಗಡಿ ತಿಂದುಹಾಕಿತು ಎಂದರೆ ತಪ್ಪಾಗಲಾರದು. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದು ನಮ್ಮಜ್ಜಿ ಹೇಳುತ್ತಿದ್ದರು.


ಕಾರ್ಮಿಕ ಇಲಾಖೆಯಿಂದ ನಿವೃತ್ತರು, ಶಿವಮೊಗ್ಗ

ಪಟ್ಟಿಯ ಪ್ರಶ್ನೆಯನ್ನು ಎತ್ತಿದ್ದಕ್ಕಾಗಿ ಜೆರಾಕ್ಸ್ ಅಂಗಡಿಯವರಿಗೆ ಧನ್ಯವಾದ. ಸೇವೆಯಲ್ಲಿದ್ದವನಾಗಿ ನನಗೆ ತಿಳಿದದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕಟ್ಟಡ ಕಾರ್ಮಿಕರ ವಿಷಯವನ್ನು ಮೊದಲು ನೋಡಿ. 1996ರಲ್ಲಿ ಸಂಸತ್ತು ಮಾಡಿದ ಕಾನೂನುಗಳ ಪ್ರಕಾರ ಕಟ್ಟಡ ಕಟ್ಟುವವರಿಂದ ನಿರ್ಮಾಣ ವೆಚ್ಚದ ಶೇಕಡ 1ರಷ್ಟು ಸೆಸ್ ಸಂಗ್ರಹಿಸಿ ಕಲ್ಯಾಣ ಮಂಡಳಿಯ ನಿಧಿಗೆ ಹಾಕುವ ವ್ಯವಸ್ಥೆ ಆಗ ಇತ್ತು. ಮಂಡಳಿಯಲ್ಲಿ ನೋಂದಾಯಿಸಿಕೊಂಡ ಕಾರ್ಮಿಕರ ಪಟ್ಟಿ ಮೊದಲೇ ಇತ್ತು, ಹಣವೂ ಮೊದಲೇ ಇತ್ತು. ಅದರಿಂದಾಗಿ 2020ರ ಮೇ 6ರ ಘೋಷಣೆಯ ಹೊತ್ತಿಗಾಗಲೇ ನೋಂದಾಯಿತ 15.80 ಲಕ್ಷ ಕಾರ್ಮಿಕರಲ್ಲಿ 11.80 ಲಕ್ಷ ಜನರ ಖಾತೆಗೆ ತಲಾ 2,000 ರೂಪಾಯಿ ಜಮೆಯಾಗಿತ್ತು, ಆ ದಿನ ಘೋಷಿಸಿದ್ದು ಅದರ ಮೇಲಿನ 3,000. ಉಳಿದ 4 ಲಕ್ಷ ಜನರಿಗೆ ಹಣ ಹೋಗದಿದ್ದದ್ದು ಅವರ ಖಾತೆಯ ವಿವರ ಪರಿಶೀಲನೆಯಾಗಿರಲಿಲ್ಲ ಎಂಬ ಕಾರಣಕ್ಕೆ. ಅಂದರೆ ಪಟ್ಟಿ ಇದ್ದ ಕಡೆಯೂ ನಾಲ್ಕರಲ್ಲಿ ಒಬ್ಬರು ಹೊರಗೇ ನಿಂತರು.

ಈಗ ಪಟ್ಟಿ ಇಲ್ಲದವರನ್ನು ನೋಡಿ. 2020ರ ಘೋಷಣೆಯಲ್ಲಿ ಕ್ಷೌರಿಕರು 2.30 ಲಕ್ಷ, ಮಡಿವಾಳರು 60 ಸಾವಿರ, ಆಟೋ ಮತ್ತು ಟ್ಯಾಕ್ಸಿ ಚಾಲಕರು 7.75 ಲಕ್ಷ ಎಂದು ಹೇಳಲಾಗಿತ್ತು, ಎಲ್ಲರಿಗೂ ತಲಾ 5,000. 2021ರ ಮೇ 19ರಂದು 1,250 ಕೋಟಿಯ ಎರಡನೇ ಪ್ಯಾಕೇಜ್ ಬಂದಾಗ ಆಟೋ, ಟ್ಯಾಕ್ಸಿ, ಮ್ಯಾಕ್ಸಿಕ್ಯಾಬ್ ಚಾಲಕರ ಸಂಖ್ಯೆ 2.10 ಲಕ್ಷಕ್ಕೆ ಇಳಿದಿತ್ತು. ಕ್ಷೌರಿಕರು ಮತ್ತು ಮಡಿವಾಳರ ಜೊತೆಗೆ ದರ್ಜಿಗಳು, ಹಮಾಲರು, ಚಿಂದಿ ಆಯುವವರು, ಕುಂಬಾರರು, ಅಕ್ಕಸಾಲಿಗರು, ಮೆಕ್ಯಾನಿಕ್‌ಗಳು, ಕಮ್ಮಾರರು, ಮನೆಗೆಲಸದವರು, ಚಮ್ಮಾರರು ಎಲ್ಲರನ್ನೂ ಸೇರಿಸಿದರೂ ಒಟ್ಟು 3.04 ಲಕ್ಷ. ಒಂದು ವರ್ಷದಲ್ಲಿ ರಾಜ್ಯದ ಐದು ಲಕ್ಷಕ್ಕೂ ಹೆಚ್ಚು ಚಾಲಕರು ಸ್ಟಿಯರಿಂಗ್ ಬಿಟ್ಟು ಬೇರೆ ಕೆಲಸಕ್ಕೆ ಹೋಗಿರಲು ಸಾಧ್ಯವಿಲ್ಲ. ನನ್ನ ಅನುಭವದಿಂದ ಹೇಳುವುದಾದರೆ, ಮೊದಲನೆಯದು ಇಲಾಖೆಗಳ ಅಂದಾಜು, ಎರಡನೆಯದು ಕಾಗದ ಹೊಂದಿಸಿಕೊಳ್ಳಬಲ್ಲವರ ಲೆಕ್ಕ. ಈ ಎರಡರ ನಡುವೆ ಬಿದ್ದವರೇ ನೀವು ಹೇಳುತ್ತಿರುವ ಜನ.

ಆದರೆ ನಾಣ್ಯದ ಇನ್ನೊಂದು ಮುಖವನ್ನು ಮುಚ್ಚಿಡಲಾರೆ. ಅದೇ ಅವಧಿಯಲ್ಲಿ ಕಟ್ಟಡ ಕಾರ್ಮಿಕರ ಸಂಖ್ಯೆ 15.80 ಲಕ್ಷದಿಂದ 20.89 ಲಕ್ಷಕ್ಕೆ ಏರಿತು. ಅದರಲ್ಲಿ ಮೊದಲು ಬಿಟ್ಟುಹೋಗಿದ್ದ ನಿಜವಾದ ಗಾರೆ ಕೆಲಸದವರು, ಬಾರ್ ಬೆಂಡಿಂಗ್‌ನವರು, ಕಲ್ಲು ಒಡೆಯುವವರು ಬಹಳ ಜನ ಇದ್ದಾರೆ. ಕರಣೆ ಹಿಡಿದೇ ಗೊತ್ತಿಲ್ಲದವರೂ ಇದ್ದಾರೆ. ದೃಢೀಕರಣ ಪತ್ರ ಕೇಳಿದರೆ ಬಡವನಿಗೆ ತೊಂದರೆ, ಕೇಳದಿದ್ದರೆ ಸುಳ್ಳು ಕಾರ್ಡು. ಮೇಜಿನ ಆ ಬದಿಯಲ್ಲಿ ಕುಳಿತವನಿಗೂ ಇದು ಸುಲಭದ ಪ್ರಶ್ನೆಯಾಗಿರಲಿಲ್ಲ ಎಂಬುದನ್ನು ದಯವಿಟ್ಟು ನಂಬಿ.


ಬಾಡಿಗೆ ಆಟೋ ಓಡಿಸುವವರು, ಮೈಸೂರು

ಸರ್, ಆ ಎರಡರ ನಡುವೆ ಬಿದ್ದವರಲ್ಲಿ ನಾನೂ ಒಬ್ಬ. ನನ್ನ ಬಳಿ ಬ್ಯಾಡ್ಜ್ ಇದೆ, ಲೈಸೆನ್ಸ್ ಇದೆ. ಆದರೆ ಗಾಡಿ ಬೇರೆಯವರದು, ದಿನಕ್ಕೆ ಇಷ್ಟು ಎಂದು ಬಾಡಿಗೆ ಕಟ್ಟಿ ಓಡಿಸುತ್ತೇನೆ. ಅರ್ಜಿಯಲ್ಲಿ ಗಾಡಿಯ ನಂಬರ್ ಹಾಕಬೇಕಿತ್ತು. ನಾನು ಹಾಕುವ ಹೊತ್ತಿಗೆ ಆ ನಂಬರಿನ ಮೇಲೆ ಬೇರೊಂದು ಅರ್ಜಿ ಹೋಗಿಯಾಗಿತ್ತು. ಯಾರು ಹಾಕಿದರು ಎಂದು ಕೇಳಲು ಹೋಗಲಿಲ್ಲ. ಕೇಳಿದ್ದರೆ ಲಾಕ್‌ಡೌನ್ ಮುಗಿದ ಮೇಲೆ ಗಾಡಿಯೂ ಸಿಗುತ್ತಿರಲಿಲ್ಲ.


ವರ್ಕ್‌ಶಾಪ್ ಮಾಲೀಕ, ಪೀಣ್ಯ

ಇಲ್ಲಿಯವರೆಗಿನ ಮಾತೆಲ್ಲ ನೇರ ನಗದಿನ ಬಗ್ಗೆ ಆಯಿತು. ಸಣ್ಣ ಉದ್ಯಮಗಳಿಗೆ ಬಂದ ನೆರವು ಹೆಚ್ಚಾಗಿ ಸಾಲದ ರೂಪದಲ್ಲಿತ್ತು. ಅಲ್ಲಿಯೂ ಪಟ್ಟಿಯ ಮಾತೇ ನಡೆಯಿತು ಎಂದು ಹೇಳಲು ಬರೆಯುತ್ತಿದ್ದೇನೆ.

ನನ್ನದು ಲೇತ್ ಮತ್ತು ಮಿಲ್ಲಿಂಗ್ ಕೆಲಸದ ಸಣ್ಣ ಶೆಡ್, ಆರು ಜನ ಕೆಲಸಗಾರರು. 2020ರ ಮಾರ್ಚ್ 24ರ ಮಧ್ಯರಾತ್ರಿ ದೇಶಕ್ಕೆ ಬೀಗ ಬಿದ್ದಾಗ ದೊಡ್ಡ ಕಂಪನಿಗಳಿಂದ ನನಗೆ ಬರಬೇಕಾಗಿದ್ದ ಬಿಲ್ಲುಗಳು ಸುಮಾರು ನಾಲ್ಕು ಲಕ್ಷ ರೂಪಾಯಿ. ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಎಲ್ಲ ಕೆಲಸಗಾರರಿಗೂ ಪೂರ್ತಿ ಸಂಬಳ ಕೊಡಬೇಕು ಎಂದು ಆದೇಶ ಹೊರಡಿಸಿತು. ಕೊಡಬೇಕೆಂಬ ಆಸೆ ನನಗೂ ಇತ್ತು, ಅವರು ನನ್ನ ಜೊತೆ ಹತ್ತು ಹನ್ನೆರಡು ವರ್ಷದಿಂದ ಇರುವವರು. ಆದರೆ ಆದೇಶದ ಜೊತೆಗೆ ಸಂಬಳಕ್ಕೆ ಹಣ ಬರಲಿಲ್ಲ. ಮಾರ್ಚ್ ಸಂಬಳ ಪೂರ್ತಿ ಕೊಟ್ಟೆ, ಏಪ್ರಿಲ್‌ನದು ಅರ್ಧ ಕೊಟ್ಟೆ, ಮೇ ತಿಂಗಳಿನಲ್ಲಿ ಹೆಂಡತಿಯ ಬಳೆ ಅಡವಿಟ್ಟೆ. ಸಂಬಳ ಕೊಡಲಾಗದ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದು ಸುಪ್ರೀಂ ಕೋರ್ಟ್ ಜೂನ್ 12ರಂದು ಹೇಳುವ ಹೊತ್ತಿಗೆ ಇಬ್ಬರು ಹುಡುಗರು ಊರಿಗೆ ಹೋಗಿಬಿಟ್ಟಿದ್ದರು. ಒಬ್ಬ ಮರಳಿ ಬರಲೇ ಇಲ್ಲ. ಅವನು ಟೂಲ್ ಚೂಪು ಮಾಡುತ್ತಿದ್ದ ರೀತಿ ಇವತ್ತಿಗೂ ಬೇರೆ ಯಾರಿಗೂ ಬಂದಿಲ್ಲ.

ಸಾಲದ ವಿಚಾರಕ್ಕೆ ಬರುತ್ತೇನೆ. ಮೇ 13ರಂದು ಘೋಷಣೆಯಾದ 3 ಲಕ್ಷ ಕೋಟಿಯ ತುರ್ತು ಸಾಲ ಖಾತರಿ ಯೋಜನೆ ಒಳ್ಳೆಯ ಯೋಜನೆ ಎಂದೇ ಹೇಳುತ್ತೇನೆ. ಅಡಮಾನ ಕೇಳಲಿಲ್ಲ, ಬ್ಯಾಂಕಿನ ಬಡ್ಡಿಗೆ ಶೇಕಡ 9.25ರ ಮಿತಿ ಹಾಕಿದ್ದರು, ಮೊದಲ ಒಂದು ವರ್ಷ ಅಸಲು ಕಟ್ಟಬೇಕಾಗಿರಲಿಲ್ಲ, ನಾಲ್ಕು ವರ್ಷದ ಅವಧಿ. ಆದರೆ ಸಾಲ ಎಷ್ಟು ಎಂಬುದು ನಿರ್ಧಾರವಾಗುತ್ತಿದ್ದದ್ದು 2020ರ ಫೆಬ್ರುವರಿ 29ರಂದು ನಿಮ್ಮ ಹೆಸರಿನಲ್ಲಿ ಬಾಕಿ ಇದ್ದ ಸಾಲದ ಶೇಕಡ 20ರ ಲೆಕ್ಕದಲ್ಲಿ. ನನಗೆ 9 ಲಕ್ಷ ಬಾಕಿ ಇತ್ತು, 1.80 ಲಕ್ಷ ಸಿಕ್ಕಿತು. ನನ್ನ ಪಕ್ಕದ ಶೆಡ್ಡಿನವರು ಜೀವಮಾನದಲ್ಲಿ ಬ್ಯಾಂಕ್ ಸಾಲ ಮಾಡದೆ, ಸ್ವಂತ ದುಡಿಮೆಯಿಂದ ಒಂದೊಂದೇ ಯಂತ್ರ ಕೊಂಡವರು. ಅವರ ಶೇಕಡ 20 ಎಂದರೆ ಸೊನ್ನೆ. ಸಾಲವಿಲ್ಲದ ಬಾಳೇ ಬಾಳು ಎಂದು ನಂಬಿದ್ದ ಆ ಹಿರಿಯರು ಕೊನೆಗೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲಕ್ಕೆ ಹೋದರು.

ಕಂತು ಮುಂದೂಡಿಕೆಯ ಬಗ್ಗೆಯೂ ಒಂದು ಮಾತು. ರಿಸರ್ವ್ ಬ್ಯಾಂಕ್ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಆರು ತಿಂಗಳು ಕಂತಿಗೆ ಬಿಡುವು ಕೊಟ್ಟಿತು. ಬಿಡುವು ಎಂದರೆ ಮನ್ನಾ ಎಂದೇ ನಮ್ಮಲ್ಲಿ ಅನೇಕರು ತಿಳಿದುಕೊಂಡಿದ್ದರು, ತಿಳಿಸಿ ಹೇಳಬೇಕಾದವರು ಹೇಳಲಿಲ್ಲ. ಬಡ್ಡಿ ಬೆಳೆಯುತ್ತಲೇ ಇತ್ತು. 2 ಕೋಟಿಯವರೆಗಿನ ಸಾಲಗಳ ಬಡ್ಡಿಯ ಮೇಲಿನ ಬಡ್ಡಿಯನ್ನು ಆ ವರ್ಷದ ನವೆಂಬರ್ ಹೊತ್ತಿಗೆ ಸರ್ಕಾರ ತುಂಬಿಕೊಟ್ಟಿತು, ಚಕ್ರಬಡ್ಡಿ ಯಾರಿಂದಲೂ ವಸೂಲಿ ಮಾಡುವಂತಿಲ್ಲ ಎಂದು 2021ರ ಮಾರ್ಚ್ 23ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನನ್ನ ಖಾತೆಗೆ ಬಂದದ್ದು ಒಂದು ಸಾವಿರದ ಚಿಲ್ಲರೆ ರೂಪಾಯಿ. ಸಣ್ಣ ಮೊತ್ತವಾದರೂ ಅರ್ಜಿ ಇಲ್ಲದೆ, ಯಾರನ್ನೂ ಕೇಳಿಕೊಳ್ಳದೆ ಬಂದ ಹಣ ಅದೊಂದೇ ಎಂಬ ಕಾರಣಕ್ಕೆ ನೆನಪಿನಲ್ಲಿದೆ. ರಾಜ್ಯ ಸರ್ಕಾರ ಸಣ್ಣ ಕೈಗಾರಿಕೆಗಳಿಗೆ ಎರಡು ತಿಂಗಳ ವಿದ್ಯುತ್ ನಿಗದಿತ ಶುಲ್ಕ ಮನ್ನಾ ಮಾಡಿದ್ದೂ ನಮಗೆ ಉಪಕಾರವಾಯಿತು. ಯಂತ್ರ ತಿರುಗದಿದ್ದರೂ ಅಶ್ವಶಕ್ತಿಯ ಲೆಕ್ಕದಲ್ಲಿ ಕಟ್ಟಬೇಕಾದ ಶುಲ್ಕ ಅದು. ನಮ್ಮಂಥವರಿಗೆ ಅದು ನಗದಿಗಿಂತ ಹೆಚ್ಚಿನ ನೆರವು.


ಕೈಮಗ್ಗದ ಮನೆ, ಗುಳೇದಗುಡ್ಡ

ಪೀಣ್ಯದ ಅಣ್ಣಾವ್ರಿಗೆ ಶರಣು. ನಮ್ಮಲ್ಲಿ ಕೈಮಗ್ಗದ ನೇಕಾರರಿಗೆ ನೇಕಾರ ಸಮ್ಮಾನ್ ಯೋಜನೆಯಲ್ಲಿ 2,000 ರೂಪಾಯಿ ಬಂತು. ಆಗ ಲೆಕ್ಕದಲ್ಲಿದ್ದವರು ಸುಮಾರು 54 ಸಾವಿರ ನೇಕಾರರು. ವಿದ್ಯುತ್ ಮಗ್ಗದವರಿಗೆ ಮೊದಲು ಇರಲಿಲ್ಲ, ಅವರು ಕೇಳಿದ ಮೇಲೆ ಸೇರಿಸಿದರು.

ನಾನು ಹೇಳಬೇಕೆಂದಿರುವುದು ಬೇರೆ. ಪಟ್ಟಿಯಲ್ಲಿ ಒಂದು ಮನೆಗೆ ಒಬ್ಬ ನೇಕಾರ. ಆದರೆ ಒಂದು ಖಣ ತಯಾರಾಗಬೇಕಾದರೆ ಮನೆಯ ಹೆಂಗಸರು ಕಂಡಿಕೆ ಸುತ್ತಬೇಕು, ನೂಲು ಬಿಡಿಸಬೇಕು, ಹಾಸು ಹೂಡಲು ಕೈ ಕೊಡಬೇಕು. ನನ್ನ ಅತ್ತೆಗೆ ಎಪ್ಪತ್ತು ವರ್ಷ, ಇವತ್ತಿಗೂ ರಾಟೆಯ ಮುಂದೆ ಕೂಡುತ್ತಾರೆ. ಮಗ್ಗ ನಿಂತಾಗ ಮೂವರ ಕೂಲಿ ನಿಂತಿತು, ಪರಿಹಾರ ಒಬ್ಬರ ಹೆಸರಿಗೆ ಬಂತು. ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷ ದುಡಿದ ನಾನು ಸರ್ಕಾರದ ಲೆಕ್ಕದಲ್ಲಿ ಇನ್ನೂ ಗೃಹಿಣಿ.

ನಾವು ಆಗ ಕೇಳಿದ್ದು ನಮ್ಮ ಮನೆಗಳಲ್ಲಿ ಬಿದ್ದಿರುವ ಸೀರೆ, ಖಣಗಳನ್ನು ಖರೀದಿ ಮಾಡಿ ಎಂದು. ಲಗ್ನದ ಸುಗ್ಗಿಯೆಂದು ಚಳಿಗಾಲದಿಂದ ನೇಯ್ದಿಟ್ಟ ಮಾಲು ಏಪ್ರಿಲ್, ಮೇ ಎರಡೂ ತಿಂಗಳು ಟ್ರಂಕಿನಲ್ಲಿ ಉಳಿಯಿತು. ಸಾಹುಕಾರರು ನೂಲು ಕೊಡುವುದನ್ನು ನಿಲ್ಲಿಸಿದರು. 2,000 ರೂಪಾಯಿಯ ಬದಲು ಹತ್ತು ಸೀರೆ ಕೊಂಡಿದ್ದರೆ ನಮಗೆ ನೂಲು ತರಲು ಕೈಯಲ್ಲಿ ಬಂಡವಾಳ ಇರುತ್ತಿತ್ತು, ದಾನ ತೆಗೆದುಕೊಂಡೆವೆಂಬ ಭಾವನೆಯೂ ಬರುತ್ತಿರಲಿಲ್ಲ.


ಬ್ರಿಟನ್ನಿನಲ್ಲಿರುವ ಕನ್ನಡಿಗ, ಲೆಸ್ಟರ್

ನಾನು ಇಲ್ಲಿ ಹದಿನೈದು ವರ್ಷದಿಂದ ಇದ್ದೇನೆ, ಟ್ಯಾಕ್ಸಿ ಓಡಿಸುತ್ತೇನೆ. ಊರು ಚನ್ನರಾಯಪಟ್ಟಣ. ಹೋಲಿಸಿ ಹಿರಿಮೆ ಹೇಳುವ ಉದ್ದೇಶ ನನಗಿಲ್ಲ, ಇಲ್ಲಿಯ ತೆರಿಗೆ, ಜನಸಂಖ್ಯೆ ಎಲ್ಲವೂ ಬೇರೆ. ಆದರೂ ಪಟ್ಟಿಯ ವಿಚಾರ ಬಂದದ್ದರಿಂದ ನನ್ನ ಅನುಭವ ಬರೆಯುತ್ತೇನೆ.

ಇಲ್ಲಿ ಸ್ವಂತ ದುಡಿಮೆ ಮಾಡುವವರಿಗಾಗಿ ಒಂದು ಯೋಜನೆ ತಂದರು. ಹಿಂದಿನ ವರ್ಷಗಳ ತೆರಿಗೆ ಲೆಕ್ಕಪತ್ರದಲ್ಲಿ ನಾವು ತೋರಿಸಿದ ಲಾಭದ ಸರಾಸರಿ ತೆಗೆದು, ಅದರ ಶೇಕಡ 80ರಂತೆ ಮೂರು ತಿಂಗಳಿಗೆ ಒಟ್ಟಾಗಿ, ಗರಿಷ್ಠ 7,500 ಪೌಂಡ್‌ವರೆಗೆ ಮೊದಲ ಕಂತಿನಲ್ಲಿ ಕೊಟ್ಟರು. ಲೆಕ್ಕ ಹಾಕಿದವರು ತೆರಿಗೆ ಇಲಾಖೆಯವರೇ. 2020ರ ಮೇ ತಿಂಗಳಲ್ಲಿ ನನಗೆ ಸಂದೇಶ ಬಂತು, ಖಾತೆಯ ವಿವರ ಹಾಕಿದೆ, ವಾರದೊಳಗೆ ಹಣ ಬಂತು. ಟ್ಯಾಕ್ಸಿ ಓಡಿಸುತ್ತೇನೆ ಎಂದು ಯಾರ ಸಹಿಯನ್ನೂ ತರಬೇಕಾಗಲಿಲ್ಲ, ಏಕೆಂದರೆ ಪ್ರತಿ ವರ್ಷ ಜನವರಿಯಲ್ಲಿ ನಾನು ಸಲ್ಲಿಸುತ್ತಿದ್ದ ಲೆಕ್ಕವೇ ಸಾಕ್ಷಿಯಾಗಿತ್ತು.

ಆದರೆ ನನ್ನ ಗೆಳೆಯರೊಬ್ಬರು 2019ರ ಬೇಸಿಗೆಯಲ್ಲಿ ಕೆಲಸ ಬಿಟ್ಟು ಸ್ವಂತವಾಗಿ ಊಟ ಪೂರೈಸುವ ಸಣ್ಣ ವ್ಯಾಪಾರ ಶುರು ಮಾಡಿದ್ದರು. 2018-19ರ ಲೆಕ್ಕದಲ್ಲಿ ಅವರ ವ್ಯಾಪಾರ ಇರಲಿಲ್ಲವಾದ್ದರಿಂದ ಮೊದಲ ಮೂರು ಕಂತುಗಳಲ್ಲಿ ಅವರಿಗೆ ಒಂದು ಪೆನ್ನಿಯೂ ಬರಲಿಲ್ಲ. 2021ರಲ್ಲಿ ನಾಲ್ಕನೇ ಕಂತು ಬರುವಾಗ ಹೊಸಬರನ್ನು ಸೇರಿಸಿದರು, ಅಷ್ಟರಲ್ಲಿ ಅವರು ಪಾತ್ರೆಗಳನ್ನು ಮಾರಿ ಒಂದು ಗೋದಾಮಿನಲ್ಲಿ ಕೆಲಸಕ್ಕೆ ಸೇರಿದ್ದರು. ಇನ್ನೊಂದು ಕಡೆ, 50,000 ಪೌಂಡ್‌ವರೆಗೆ ಸರ್ಕಾರದ ಪೂರ್ತಿ ಖಾತರಿಯ ಸಾಲವನ್ನು ಅರ್ಜಿದಾರನ ಮಾತನ್ನೇ ನಂಬಿ ಬೇಗ ಬೇಗ ಕೊಟ್ಟರು. ನಿಜವಾದ ಅಂಗಡಿಗಳು ಉಳಿದವು, ಮೋಸಗಾರರೂ ಬಹಳ ದೋಚಿದರು. ಶಿವಮೊಗ್ಗದ ಹಿರಿಯರು ಹೇಳಿದ ಇಕ್ಕಟ್ಟು ಇಲ್ಲಿಯೂ ಇತ್ತು.


ಅಂಗನವಾಡಿ ಕಾರ್ಯಕರ್ತೆ, ಸಿಂಧನೂರು ತಾಲ್ಲೂಕು

ಎಲ್ಲರ ಬರಹವನ್ನೂ ಓದಿದೆ. ಅಂಗಡಿ, ಶೆಡ್ಡು, ಮಗ್ಗ ಎಲ್ಲದರ ಹಿಂದೆ ಇರುವ ಒಲೆಯ ಬಗ್ಗೆ ನಾನು ಬರೆಯುತ್ತೇನೆ. ಅಂಗನವಾಡಿ ಮುಚ್ಚಿದ ಮೇಲೆ ಮಕ್ಕಳ, ಬಾಣಂತಿಯರ ಆಹಾರ ಸಾಮಗ್ರಿಯನ್ನು ಮನೆಮನೆಗೆ ತಲುಪಿಸುತ್ತಿದ್ದವರು ನಾವು. ಹಾಗಾಗಿ ಯಾರ ಮನೆಯ ಡಬ್ಬಿಯಲ್ಲಿ ಏನಿತ್ತು ಎಂಬುದು ನಮಗೆ ಗೊತ್ತು.

ನನ್ನ ಕಣ್ಣಾರೆ ಕಂಡಂತೆ ಎಲ್ಲ ಪರಿಹಾರಗಳಲ್ಲಿ ಚೆನ್ನಾಗಿ ತಲುಪಿದ್ದು ಅಕ್ಕಿ. ಪಡಿತರ ಚೀಟಿ ಇದ್ದವರಿಗೆ ಏಪ್ರಿಲ್, ಮೇ ಎರಡು ತಿಂಗಳ ರೇಷನ್ ಒಟ್ಟಿಗೆ ಬಂತು. ಅದರ ಮೇಲೆ ಕೇಂದ್ರದ ಗರೀಬ್ ಕಲ್ಯಾಣ್ ಯೋಜನೆಯಲ್ಲಿ ತಲೆಗೆ 5 ಕಿಲೋ ಧಾನ್ಯ ಉಚಿತವಾಗಿ ಬಂತು. ಜನಧನ ಖಾತೆಯ ಹೆಣ್ಣುಮಕ್ಕಳಿಗೆ ಮೂರು ತಿಂಗಳು 500 ರೂಪಾಯಿ ಬಿತ್ತು. ಆ 500 ತೆಗೆಯಲು ಬಿಸಿಲಿನಲ್ಲಿ ಬ್ಯಾಂಕಿನ ಮುಂದೆ, ಸುಣ್ಣದಲ್ಲಿ ಬರೆದ ವೃತ್ತಗಳೊಳಗೆ ಹೆಂಗಸರು ತಮ್ಮ ಚಪ್ಪಲಿ ಬಿಟ್ಟು ಪಾಳಿ ಹಿಡಿದು, ತಾವು ಬೇವಿನ ಮರದ ನೆರಳಿನಲ್ಲಿ ಕುಳಿತಿರುತ್ತಿದ್ದರು. ಕಷ್ಟವಿತ್ತು, ಆದರೆ ಬಂತು. ಯಾಕೆ ಬಂತು? ಕಸುಬು ಯಾವುದೆಂದು ಯಾರೂ ಕೇಳಲಿಲ್ಲ. ಚೀಟಿ ಇದ್ದರೆ ಸಾಕಾಗಿತ್ತು.

ಅದಕ್ಕೇ ನನ್ನ ಅಭಿಪ್ರಾಯವೆಂದರೆ, ಇಂಥ ಕಾಲದಲ್ಲಿ ಕಸುಬಿನ ಪಟ್ಟಿ ಹಿಡಿದು ಹೊರಡಬಾರದು. ಪಡಿತರ ಚೀಟಿ ಇರುವ ಎಲ್ಲ ಮನೆಗೂ, ಮನೆಯ ಹಿರಿಯ ಹೆಣ್ಣುಮಗಳ ಖಾತೆಗೆ ಒಂದೇ ಮೊತ್ತ ಹಾಕಬೇಕು. ಗುಳೇದಗುಡ್ಡದ ಅಕ್ಕ ಹೇಳಿದ ಲೆಕ್ಕವೂ ಆಗ ಸರಿಹೋಗುತ್ತದೆ.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ನನ್ನ ಮನಸ್ಸಿಗೆ ಸಮಾಧಾನವಿಲ್ಲ. 2020ರ ಮೇ 4ರಂದು ಮದ್ಯದಂಗಡಿಗಳು ತೆರೆದವು. ಎರಡು ದಿನದ ನಂತರ ಪರಿಹಾರ ಘೋಷಿಸಿದಾಗಲೇ ಅಬಕಾರಿ ಸುಂಕವನ್ನು ಶೇಕಡ 11ರಷ್ಟು ಏರಿಸಿದರು. ರಾಜ್ಯಕ್ಕೆ ಆದಾಯ ಬೇಕಿತ್ತು, ಅದು ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಓಣಿಯಲ್ಲಿ ಹೆಂಡತಿಯ ಖಾತೆಗೆ ಬಿದ್ದ 500 ರೂಪಾಯಿ ಎಲ್ಲಿಗೆ ಹೋಯಿತು ಎಂಬುದನ್ನು ನಾನು ನೋಡಿದ್ದೇನೆ.

ಸಾವಿನ ಪರಿಹಾರದ ಬಗ್ಗೆಯೂ ಬರೆಯಬೇಕು. ದುಡಿಯುವ ವ್ಯಕ್ತಿಯನ್ನು ಕಳೆದುಕೊಂಡ ಬಿಪಿಎಲ್ ಕುಟುಂಬಕ್ಕೆ 1 ಲಕ್ಷ ಕೊಡುವುದಾಗಿ ರಾಜ್ಯ ಸರ್ಕಾರ 2021ರ ಜೂನ್‌ನಲ್ಲಿ ಹೇಳಿತು. ಸುಪ್ರೀಂ ಕೋರ್ಟ್ ಸೂಚನೆಯ ಮೇಲೆ ವಿಪತ್ತು ನಿಧಿಯಿಂದ 50,000 ಕೂಡ ನಿಗದಿಯಾಯಿತು. ನಮ್ಮ ಹಳ್ಳಿಯಲ್ಲಿ ಹತ್ತಿ ಬಿಡಿಸಲು ಹೋಗುತ್ತಿದ್ದ ಒಬ್ಬ ಹೆಣ್ಣುಮಗಳ ಗಂಡ ಆ ವರ್ಷದ ಮೇ ತಿಂಗಳಿನಲ್ಲಿ ಮನೆಯಲ್ಲೇ ತೀರಿಕೊಂಡ. ಜ್ವರ ಬಂದು ಒಂಬತ್ತನೆಯ ದಿನ. ಆಸ್ಪತ್ರೆಯಲ್ಲಿ ಹಾಸಿಗೆ ಸಿಗಲಿಲ್ಲ, ಪರೀಕ್ಷೆ ಮಾಡಿಸಲಿಲ್ಲ. ಮರಣ ಪತ್ರದಲ್ಲಿ ಕೋವಿಡ್ ಎಂದು ಬರೆದಿಲ್ಲ ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಎಂದು ಅದೇ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಓದಿ ನಾನೇ ಅವಳನ್ನು ಕರೆದುಕೊಂಡು ಹೋಗಿದ್ದೆ. ಆದರೆ ಪಾಸಿಟಿವ್ ವರದಿಯೇ ಇಲ್ಲದ ಕಡೆ ಯಾವುದನ್ನು ತೋರಿಸುವುದು? ನಾಲ್ಕು ಸಲ ಹೋದೆವು. ಐದನೆಯ ಸಲ ಅವಳು ಬರುವುದಿಲ್ಲ ಎಂದಳು. ಒಂದು ದಿನದ ಕೂಲಿ ಕಳೆದುಕೊಂಡು ಬಸ್ ಚಾರ್ಜು ಕೊಟ್ಟು ಬರಲು ಅವಳಿಗೆ ಶಕ್ತಿ ಇರಲಿಲ್ಲ.


ವರ್ಕ್‌ಶಾಪ್ ಮಾಲೀಕ, ಪೀಣ್ಯ

ಅಮ್ಮ, ನಿಮ್ಮ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಕುಟುಂಬಗಳಿಗೆ ಪಡಿತರ ಚೀಟಿಯ ದಾರಿಯೇ ಸರಿ ಎಂಬುದನ್ನು ಒಪ್ಪುತ್ತೇನೆ. ಆದರೆ ಒಂದು ತೊಡಕು ಇದೆ. ನಮ್ಮಂಥ ಸಣ್ಣ ಮಾಲೀಕರು, ಪಟ್ಟಣದ ಚಿಕ್ಕ ಅಂಗಡಿಯವರು ಬಿಪಿಎಲ್ ಅಲ್ಲ. ಪರಿಹಾರಕ್ಕೆ ಬಿಪಿಎಲ್ ಒಂದೇ ಅಳತೆಗೋಲಾದರೆ, ನಿನ್ನೆಯವರೆಗೆ ನಾಲ್ಕು ಜನರಿಗೆ ಸಂಬಳ ಕೊಡುತ್ತಿದ್ದು ಇವತ್ತು ಬೀಗ ಹಾಕಿದವನಿಗೆ ಯಾವ ದಾರಿ? ಅಂಗಡಿಗೆ ಬೇರೆ, ಮನೆಗೆ ಬೇರೆ ಎಂದು ಎರಡು ದಾರಿ ಬೇಕು. ದಾವಣಗೆರೆಯವರು ಹೇಳಿದ ಬಾಡಿಗೆಯ ಸಂಕಟವೂ ಅದೇ.


ಕಾರ್ಮಿಕ ಇಲಾಖೆಯಿಂದ ನಿವೃತ್ತರು, ಶಿವಮೊಗ್ಗ

ಎರಡು ದಾರಿ ಎಂಬ ಮಾತು ಸರಿಯಾಗಿದೆ. ಬೀದಿ ಬದಿ ವ್ಯಾಪಾರಿಗಳ ವಿಷಯದಲ್ಲಿ ಅದರ ಒಂದು ನಮೂನೆ ಕಂಡಿತ್ತು. 2020ರ ಜೂನ್‌ನಲ್ಲಿ ಶುರುವಾದ ಸ್ವನಿಧಿ ಯೋಜನೆಯಲ್ಲಿ ತಳ್ಳುಗಾಡಿಯ ಬಂಡವಾಳಕ್ಕೆ 10,000 ರೂಪಾಯಿ ಸಾಲ, ಶೇಕಡ 7ರಷ್ಟು ಬಡ್ಡಿ ಸಹಾಯಧನ, ಸರಿಯಾಗಿ ತೀರಿಸಿದರೆ ಮುಂದೆ 20,000, ಆಮೇಲೆ 50,000. ಅದು ವ್ಯಾಪಾರಕ್ಕೆ. 2021ರ ಪ್ಯಾಕೇಜ್‌ನಲ್ಲಿ ಅದೇ ವ್ಯಾಪಾರಿಗಳಲ್ಲಿ 2.20 ಲಕ್ಷ ಜನರಿಗೆ ತಲಾ 2,000 ನಗದು. ಅದು ಮನೆಗೆ. ಮೊದಲನೆಯದಕ್ಕಾಗಿ ಪುರಸಭೆ, ನಗರಸಭೆಗಳು ಗುರುತಿಸಿಟ್ಟಿದ್ದ ಪಟ್ಟಿ ಎರಡನೆಯದಕ್ಕೂ ಆಧಾರವಾಯಿತು. ಪಟ್ಟಿ ಜೀವಂತವಾಗಿದ್ದರೆ ಆಗುವ ಪ್ರಯೋಜನ ಇದು.


ಜೆರಾಕ್ಸ್ ಅಂಗಡಿ, ಅರಸೀಕೆರೆ

ಇಷ್ಟು ಮನಸ್ಸಿಟ್ಟು ಬರೆದ ಎಲ್ಲರಿಗೂ ನಾನು ಋಣಿ. ನನಗೆ ಪರಿಹಾರ ಬಂತೇ ಎಂದು ಇಬ್ಬರು ಖಾಸಗಿಯಾಗಿ ಕೇಳಿದ್ದಾರೆ. ಬರಲಿಲ್ಲ. ಜೆರಾಕ್ಸ್ ಅಂಗಡಿಯವನು ಘೋಷಿತ ಕಸುಬುಗಳಲ್ಲಿ ಇರಲಿಲ್ಲ, ನಮ್ಮ ಅಂಗಡಿಯ ಕರೆಂಟ್ ಬಿಲ್ಲಿನಲ್ಲಿ ನಿಗದಿತ ಶುಲ್ಕ ಎಂದಿನಂತೆ ಬಂತು. ಅರ್ಜಿಗೆ ಇಪ್ಪತ್ತು ರೂಪಾಯಿ ತೆಗೆದುಕೊಳ್ಳುತ್ತಿದ್ದೆ, ಕೊಡಲಾಗದವರಿಂದ ತೆಗೆದುಕೊಳ್ಳುತ್ತಿರಲಿಲ್ಲ. ಅದರಲ್ಲೇ ಆ ತಿಂಗಳುಗಳು ಕಳೆದವು.

ಸಿಂಧನೂರಿನ ಅಮ್ಮನವರ ಮಾತನ್ನು ಒಪ್ಪುತ್ತೇನೆ, ಆದರೆ ಪಡಿತರ ಚೀಟಿಯಲ್ಲೂ ಹೆಸರು ಹೊಂದದಿದ್ದರೆ ಹಣ ನಿಲ್ಲುತ್ತದೆ ಎಂಬುದನ್ನು ಗೃಹಲಕ್ಷ್ಮಿ ಅರ್ಜಿಗಳ ಕಾಲದಲ್ಲಿ ಮತ್ತೆ ನೋಡಿದೆ. ತೊಡಕು ಅದೇ: ಇನಿಷಿಯಲ್ಲು, ಹುಟ್ಟಿದ ದಿನಾಂಕ, ಮುಚ್ಚಿಹೋದ ಮೊಬೈಲ್ ನಂಬರು, ಆಧಾರ್ ಜೋಡಣೆಯಾಗದ ಖಾತೆ. ಇವನ್ನು ಸರಿಮಾಡಲು ಯಾವ ಹೊಸ ಕಾನೂನೂ ಬೇಕಾಗಿಲ್ಲ, ರೋಗದ ಭಯವಿಲ್ಲದ ದಿನಗಳಲ್ಲಿ ಪುರುಸೊತ್ತಾಗಿ ಕೂತು ಮಾಡಬೇಕು. 2021ರ ಆಗಸ್ಟ್‌ನಲ್ಲಿ ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರದ ಇ-ಶ್ರಮ್ ನೋಂದಣಿ ಶುರುವಾದಾಗ ನನ್ನ ನೋಟ್‌ಬುಕ್ಕಿನಲ್ಲಿದ್ದ ಹೆಸರುಗಳಿಗೆ ಒಂದೊಂದಾಗಿ ಫೋನ್ ಮಾಡಿದೆ. ಐವತ್ತೊಂಬತ್ತು ವರ್ಷ ದಾಟಿದವರಿಗೆ ಅದರಲ್ಲಿ ಅವಕಾಶವಿಲ್ಲ ಎಂದು ಹೇಳಬೇಕಾಗಿ ಬಂದಾಗ ಬಹಳ ನೋವಾಯಿತು, ಅರವತ್ತರ ನಂತರವೂ ಕತ್ತರಿ, ಇಸ್ತ್ರಿಪೆಟ್ಟಿಗೆ ಕೆಳಗಿಡದವರೇ ನಮ್ಮಲ್ಲಿ ಹೆಚ್ಚು.

ಮೊದಲು ಹೇಳಿದ ಆ ಕ್ಷೌರಿಕರಿಗೆ ಮಾತ್ರ ನೋಂದಣಿ ಆಯಿತು. ಅದಕ್ಕೂ ಮುಂಚೆ ಆಧಾರಿನಲ್ಲಿ ಹೆಸರು ತಿದ್ದಿಸಿದೆವು, ಪಾಸ್‌ಬುಕ್ಕಿನೊಂದಿಗೆ ಈಗ ಅಕ್ಷರಕ್ಕೆ ಅಕ್ಷರ ಹೊಂದುತ್ತದೆ. ಹನ್ನೆರಡು ಅಂಕಿಯ ಕಾರ್ಡನ್ನು ಲ್ಯಾಮಿನೇಷನ್ ಮಾಡಿ ಕೊಟ್ಟಾಗ ಅವರು ಅದನ್ನು ಕತ್ತಿ ಮಸೆಯುವ ಚರ್ಮದ ಪಟ್ಟಿಯ ಜೊತೆ ಸೇರಿಸಿ ಅದೇ ಬಟ್ಟೆಯ ಚೀಲದಲ್ಲಿ ಸುತ್ತಿಟ್ಟುಕೊಂಡರು. 2020ರ 5,000 ರೂಪಾಯಿ ಇನ್ನು ಬರುತ್ತದೆಯೇ ಎಂದು ಕೇಳಿದರು. ಆ ಅರ್ಜಿಯ ಕಾಲ ಮುಗಿದಿದೆ ಎಂದು ಹೇಳಿದೆ.